ಇಪ್ಪತ್ತೆರಡು ನಿಮಿಷದ ಸಂಸಾರ: ‘ಹಾಡುವ ಹ್ಯಾರಿಗನ್‌ರು’ ಧಾರಾವಾಹಿಯ ನಿರ್ಮಾಪಕರಿಗೆ

ಮಾನ್ಯರೇ,

ವಿಸ್ಕಾನ್ಸಿನ್‌ನ ಕಿವಾನಿ ಕೌಂಟಿಯಿಂದ ಓಟಿಲಿಯಾ ಕುಬೆಟ್ ಮಾಡುವ ಸವಿನಯ ವಂದನೆಗಳು. ತಾವೂ, ತಮ್ಮ ನಟವರ್ಗವೂ, ಕಣ್ಣಿಗೆ ಬೀಳದೆಯೇ ಅಷ್ಟು ಧಾರಾಳವಾಗಿ ನಗುವ ತಮ್ಮ ಪ್ರೇಕ್ಷಕವರ್ಗವೂ ಕ್ಷೇಮವೆಂದು ನಂಬಿದ್ದೇನೆ. ಪತ್ರದ ಒಂದು ಪ್ರತಿಯನ್ನು ನಮ್ಮೂರಿನ ವಾರಪತ್ರಿಕೆಗೂ ಕೊಟ್ಟಿದ್ದೇನೆ. ತಮ್ಮ ಕಚೇರಿಯವರಿಗೆ ಬಿಡುವಿಲ್ಲದಿದ್ದರೆ ಇಲ್ಲಿನವರಾದರೂ ಓದಲಿ.

ನಮ್ಮದೂ ತಕ್ಕಮಟ್ಟಿಗೆ ಸಂಗೀತದ ಕುಟುಂಬ. ನನ್ನ ಗಂಡ ಲಾಡಿ ವಾರವಿಡೀ ಚೀಸ್ ಕಾರ್ಖಾನೆಯಲ್ಲಿ ದುಡಿದು ಶನಿವಾರ ಅಕಾರ್ಡಿಯನ್ ಹೆಗಲಿಗೇರಿಸುತ್ತಾನೆ. ನಾನು ಡ್ರಮ್ ಬಾರಿಸುತ್ತೇನೆ, ಮೈದುನ ಎಮಿಲ್ ಟ್ಯೂಬಾ ಊದುತ್ತಾನೆ, ಹದಿನೇಳರ ಮಗಳು ಬ್ಲಾಂಚ್ ಒಂಬತ್ತನೆಯ ವಯಸ್ಸಿನಿಂದ ಕ್ಲಾರಿನೆಟ್ ನುಡಿಸಿದವಳು. ಸುತ್ತಲಿನ ಹಳ್ಳಿಗಳ ಮದುವೆಗಳಲ್ಲಿ ಜನ ಕುಣಿಯುವುದು ನಮ್ಮ ಪೋಲ್ಕಾಗಳಿಗೆ. ಹೀಗಾಗಿ ತಮ್ಮ ಧಾರಾವಾಹಿಯ ಗುಣದೋಷಗಳನ್ನು ಹೇಳುವ ಅರ್ಹತೆ ನನಗೆ ಸ್ವಲ್ಪಮಟ್ಟಿಗೆ ಇದೆಯೆಂದು ಭಾವಿಸಿ, ಮೊದಲು ಗುಣಗಳನ್ನೇ ಹೇಳುತ್ತೇನೆ.

ಹ್ಯಾರಿಗನ್ ಕುಟುಂಬದ ಆರು ಮಂದಿ ಒಂದು ದಿನವೂ ಅಭ್ಯಾಸ ಮಾಡದೆ, ಒಂದು ಸಲವೂ ಶ್ರುತಿ ಕೂಡಿಸದೆ, ಊಟದ ಮೇಜಿನಿಂದೆದ್ದು ನೇರವಾಗಿ ವೇದಿಕೆಗೆ ಹೋಗಿ ತಪ್ಪಿಲ್ಲದೆ ಹಾಡುತ್ತಾರೆ. ಇಪ್ಪತ್ತು ವರ್ಷದಿಂದ ಬಾರಿಸುತ್ತಿರುವ ನನಗೆ ಇದು ಸಾಧ್ಯವಾಗಿಲ್ಲವಾದ್ದರಿಂದ ಅವರ ಬಗ್ಗೆ ನನಗೆ ಅಪಾರ ಗೌರವ. ಅವರ ವ್ಯಾನು ಹಿಮದಲ್ಲಿ ಹೂತುಹೋಗುವುದಿಲ್ಲ. ಅಷ್ಟು ಡ್ರಮ್ಮುಗಳನ್ನು ಅದರಲ್ಲಿ ಹೇಗೆ ತುಂಬುತ್ತಾರೋ ತಿಳಿಸಿದರೆ ಉಪಕಾರವಾಗುತ್ತದೆ. ನಿಜವಾಗಿಯೂ ಮೆಚ್ಚಿದ್ದು ಒಂದಿದೆ. ಅಮ್ಮನ ಪಾತ್ರದ ಆ ನಟಿ ಒಂದು ಸಂಚಿಕೆಯಲ್ಲಿ ಹಾಡು ಮುಗಿಸಿ ಬಂದು, ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಚಪ್ಪಲಿ ಕಳಚಿ, ಏನೂ ಮಾತಾಡದೆ ಪಾದ ಒತ್ತಿಕೊಂಡಳು. ಅದನ್ನು ಬರೆದವರು ಯಾರೋ, ಅವರ ಕೈಗೆ ಇನ್ನಷ್ಟು ಕೆಲಸ ಕೊಡಿ.

ಇನ್ನು ನನ್ನ ದೂರು. ಲಾಡಿ ಮೊದಲು ಧಾರಾವಾಹಿಯನ್ನು ನೋಡಿ ಮೂಗು ಮುರಿದ. ಕ್ರಿಸ್‌ಮಸ್ ಹೊತ್ತಿಗೆ ಶುಕ್ರವಾರ ಸಂಜೆ ಏಳೂವರೆಗೆ ಯಾರೂ ತುಟಿ ಬಿಚ್ಚದಂತೆ ನೋಡಿಕೊಳ್ಳತೊಡಗಿದ. ಫೆಬ್ರವರಿಯಲ್ಲಿ ತಾವು ಒಂದು ಸಂಚಿಕೆ ಪ್ರಸಾರ ಮಾಡಿದಿರಿ: ಹ್ಯಾರಿಗನ್‌ರ ಹಿರಿಯ ಮಗಳು ಇನ್ನು ಹಾಡುವುದಿಲ್ಲವೆಂದು ಮಹಡಿಯ ಕೋಣೆ ಸೇರುತ್ತಾಳೆ, ಅಪ್ಪ ಮೆಟ್ಟಿಲ ಕೆಳಗೆ ನಿಂತು ಗಿಟಾರ್ ಹಿಡಿದು ಹಾಡುತ್ತಾನೆ, ಎರಡನೆಯ ಚರಣಕ್ಕೆ ಅವಳು ಕಣ್ಣೀರೊರೆಸಿಕೊಂಡು ಇಳಿದು ಬಂದು ದನಿಗೂಡಿಸುತ್ತಾಳೆ. ಜಾಹೀರಾತು ಕಳೆದರೆ ಒಟ್ಟು ಇಪ್ಪತ್ತೆರಡು ನಿಮಿಷ.

ಮಾರ್ಚ್ ಮೊದಲ ಭಾನುವಾರ ಮಧ್ಯಾಹ್ನ, ಚರ್ಚಿನಿಂದ ಬಂದು ಊಟಕ್ಕೆ ಕೂತಾಗ ಬ್ಲಾಂಚ್ ಹೇಳಿದಳು: “ಅಪ್ಪ, ನಾನಿನ್ಮೇಲೆ ನುಡಿಸಲ್ಲ.” ಹೇಳಿ ತನ್ನ ತಟ್ಟೆ ತಾನೇ ತೊಳೆದಿಟ್ಟು ಮಹಡಿ ಹತ್ತಿದಳು. ಲಾಡಿಯ ಮುಖದಲ್ಲಿ ಗಾಬರಿ ಕಾಣಲಿಲ್ಲ. “ಏನ್ಮಾಡ್ಬೇಕು ಅಂತ ನಂಗೊತ್ತು” ಎಂದ. ಮಾನ್ಯರೇ, ಆ ಭರವಸೆ ಕೊಟ್ಟವರು ತಾವು.

ಅವನು ಅಕಾರ್ಡಿಯನ್ ಹೆಗಲಿಗೇರಿಸಿ ಮೆಟ್ಟಿಲ ಕೆಳಗೆ ನಿಂತು, ಅವಳು ಕೂಸಾಗಿದ್ದಾಗ ಹಾಡುತ್ತಿದ್ದ ಜೋಗುಳ ನುಡಿಸಿದ. ಎರಡನೆಯ ಚರಣವಾಯಿತು, ಮೂರನೆಯದಾಯಿತು, ಮತ್ತೆ ಮೊದಲಿನಿಂದ ಶುರುವಾಯಿತು. ಕೊನೆಗೆ ಬಾಗಿಲು ತೆರೆಯಿತು. ಬ್ಲಾಂಚ್ ಮೇಲಿನ ಮೆಟ್ಟಿಲಲ್ಲೇ ನಿಂತಳು.

“ಅಪ್ಪ, ಆ ಸಂಚಿಕೆ ನಾನೂ ನೋಡಿದೀನಿ. ನಿನ್ನ ಪಕ್ಕದಲ್ಲೇ ಕೂತಿದ್ದೆ.”

ನಗುವವರು ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತು. ಲಾಡಿ ಅಲ್ಲೇ ನಿಂತಿದ್ದ. ಮುಂದೇನೆಂದು ತಾವು ತೋರಿಸಿರಲಿಲ್ಲವಲ್ಲ.

ಆಮೇಲಿನ ಐದು ವಾರ ಅಪ್ಪ ಮಗಳ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಎನ್ನುವುದರಾಚೆ ಮಾತಿರಲಿಲ್ಲ. ಕ್ಲಾರಿನೆಟ್ಟಿಲ್ಲದೆ ಎರಡು ಮದುವೆಗಳಿಗೆ ನುಡಿಸಿದೆವು. ಎರಡನೆಯದರಲ್ಲಿ ಒಬ್ಬ ಮುದುಕ ಬಂದು, “ಯಾಕೆ, ಮನೇಲಿ ಯಾರಾದ್ರೂ ಹೋಗ್ಬಿಟ್ರಾ?” ಎಂದು ಕೇಳಿದ. ಲಾಡಿ ಮುಂದಿನ ಪೋಲ್ಕಾ ಶುರುಮಾಡಿದ. ಮನೆಗೆ ಬಂದವನು ಊಟ ಬೇಡವೆಂದ. ಆ ಮನುಷ್ಯ ಊಟ ಬೇಡವೆಂದದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಬ್ಲಾಂಚ್ ನನ್ನ ಜೊತೆ ಕೊಲಾಚಿ ಎಂಬ ಸಿಹಿ ಬನ್ನಿಗೆ ಹಿಟ್ಟು ನಾದುತ್ತಿದ್ದಳು. ಲಾಡಿ ಬಂದು ಎದುರು ಕೂತು, ಅಕಾರ್ಡಿಯನ್ನೂ ಇಲ್ಲದೆ, ಹಾಡೂ ಇಲ್ಲದೆ ಕೇಳಿದ: “ಯಾಕೆ ಬಿಟ್ಟೆ, ಪುಟ್ಟಿ?”

“ಇಷ್ಟು ದಿನ ಕೇಳಲಿಲ್ವಲ್ಲ ನೀನು.”

“ಈಗ ಕೇಳ್ತಿದೀನಿ.”

ಅವಳು ಹಿಟ್ಟಿನ ಮೇಲಿನಿಂದ ಕಣ್ಣೆತ್ತದೆ ಹೇಳಿದಳು: “ಎಂಟು ವರ್ಷದಿಂದ ಈ ಊರಿನೋರನ್ನೆಲ್ಲ ಕುಣಿಸಿದೀನಿ. ಒಂದು ಮದುವೇಲೂ ನಾನು ಕುಣಿದಿಲ್ಲ. ಕೊನೇ ಸಲ ನುಡಿಸಿದಾಗ, ನನ್ನ ಗೆಳತಿ ಮದುವೇಲೂ ವೇದಿಕೆ ಮೇಲೆ ಕೂತು ಊದ್ತಾನೇ ಇದ್ದೆ. ಎಲ್ಲರೂ ಕೈ ಕೈ ಹಿಡಿದು ಸುತ್ತು ಹಾಕೋವಾಗ ನನ್ನ ಕಡೆ ನೋಡಿ ಕೈ ಬೀಸಿದ್ರು.”

ಲಾಡಿ ಮೇಜಿನ ಮೇಲೆ ಚೆಲ್ಲಿದ್ದ ಹಿಟ್ಟನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡಿದ. ಆಮೇಲೆ, “ನಂಗೆ ಹೊಳೀಲೇ ಇಲ್ಲ” ಎಂದ. ಮಗಳು, “ಗೊತ್ತು” ಎಂದಳು. ಇಷ್ಟೇ, ಮಾನ್ಯರೇ. ಹಿನ್ನೆಲೆಯಲ್ಲಿ ಪಿಟೀಲು ಏಳಲಿಲ್ಲ. ಹಿಟ್ಟು ಮಾತ್ರ ಉಬ್ಬಿತು.

ಮೇ ತಿಂಗಳ ಮದುವೆಗೆ ಬ್ಲಾಂಚ್ ನೀಲಿ ಉಡುಪು ತೊಟ್ಟು ಬರಿಗೈಯಲ್ಲಿ ಬಂದಳು. ಮೊದಲ ಪೋಲ್ಕಾಕ್ಕೆ ಮದುಮಗಳ ತಾತ ಅವಳ ಕೈ ಹಿಡಿದು ಕಣಕ್ಕಿಳಿಸಿದರು. ಇಷ್ಟು ವರ್ಷ ಆ ತಾಳವನ್ನೇ ನುಡಿಸಿದವಳು ಮೊದಲ ಎರಡು ಸುತ್ತಿನಲ್ಲಿ ತಾತನ ಕಾಲು ತುಳಿದಳು. ಮೂರನೆಯ ಸುತ್ತಿಗೆ ಅವಳ ನಗು ಎಮಿಲ್‌ನ ಟ್ಯೂಬಾ ಮೀರಿ ನಮಗೆ ಕೇಳಿಸಿತು. ಲಾಡಿ ಅವಳನ್ನೇ ನೋಡುತ್ತ ಎರಡು ಕಡೆ ಸ್ವರ ತಪ್ಪಿಸಿದ. ಮುಗಿಸುವ ಜಾಗ ಬಂದಾಗ ಮುಗಿಸಲಿಲ್ಲ. ನನಗೆ ಕಣ್ಸನ್ನೆ ಮಾಡಿ ಮತ್ತೆ ಮೊದಲಿನಿಂದ ಹಿಡಿದ. ಹಾಗೆ ನಾಲ್ಕು ಸಲ. ನನ್ನ ಮಣಿಕಟ್ಟು ಇನ್ನೂ ನೋಯುತ್ತಿದೆ.

ಅವಳು ವಾದ್ಯಮೇಳಕ್ಕೆ ಮರಳಿಲ್ಲ, ಮರಳುವುದೂ ಇಲ್ಲ. ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು: ಹ್ಯಾರಿಗನ್‌ರು ಅರ್ಧ ಗಂಟೆ ಪೂರ್ತಿ ಬರೀ ಅಭ್ಯಾಸ ಮಾಡುವ ಒಂದು ಸಂಚಿಕೆ ತೆಗೆಯಿರಿ. ಮೆಟ್ಟಿಲ ಕೆಳಗೆ ಹಾಡಿದ ಅಪ್ಪ, ಬಾಗಿಲು ಮುಚ್ಚಿದ ಮೇಲೆ ಐದು ವಾರ ಏನು ಮಾಡಬೇಕೆಂಬುದನ್ನು ಐದು ಸಂಚಿಕೆಗಳಲ್ಲಿ ತೋರಿಸಿ. ಹಿರಿಯ ಮಗಳು ಹಾಡು ಬಿಟ್ಟೇ ಬಿಡಲಿ, ಆಮೇಲೂ ಮನೆಯವರೆಲ್ಲ ಒಟ್ಟಿಗೆ ಊಟ ಮಾಡಲಿ. ಇದು ಯಾವುದೂ ಆಗದಿದ್ದರೆ, ಆ ನಗುವ ಜನರನ್ನಾದರೂ ಒಂದು ಭಾನುವಾರ ನಮ್ಮಲ್ಲಿಗೆ ಕಳಿಸಿಕೊಡಿ. ಹಂದಿಮಾಂಸ, ಹುಳಿ ಎಲೆಕೋಸು ಎಲ್ಲ ಇರುತ್ತದೆ. ಎಲ್ಲಿ ನಗಬಾರದೆಂದು ನಾವು ಹೇಳಿಕೊಡುತ್ತೇವೆ.

ಮುಂದಿನ ಶುಕ್ರವಾರವೂ ನೋಡಲಿರುವ,
ತಮ್ಮ ವಿಶ್ವಾಸಿ,
ಓಟಿಲಿಯಾ ಕುಬೆಟ್

ಮರೆತಿದ್ದು: ಹೋದ ವಾರದ ಹಾಡಿನಲ್ಲಿ ತಮ್ಮ ಹ್ಯಾರಿಗನ್ ಅಜ್ಜ ಅಕಾರ್ಡಿಯನ್ನನ್ನು ಬಹಳ ಭಾವಪೂರ್ಣವಾಗಿ ನುಡಿಸಿದರು. ವಾದ್ಯಕ್ಕೆ ಗಾಳಿ ಕೊಡುವ ತಿದಿಯನ್ನು ಮುಚ್ಚಿಡುವ ಚರ್ಮದ ಪಟ್ಟಿಗಳೆರಡೂ ಹಾಡು ಮುಗಿಯುವವರೆಗೆ ಬಿಗಿದೇ ಇದ್ದವೆಂದು ನನ್ನ ಗಂಡ ತೋರಿಸಿದ. ಗಾಳಿಯೇ ಇಲ್ಲದೆ ಅಷ್ಟು ಚೆನ್ನಾಗಿ ನುಡಿಸುವವರು ಒಮ್ಮೆ ಪಟ್ಟಿ ಬಿಚ್ಚಿ ನುಡಿಸಿದರೆ ಹೇಗಿರಬಹುದೆಂದು ನಮ್ಮ ಮನೆಯವರೆಲ್ಲ ಕುತೂಹಲದಿಂದ ಕಾಯುತ್ತಿದ್ದೇವೆ.