ಜಿಪ್ಪಿಲ್ಲದ ಸಾಮ್ರಾಜ್ಯದಿಂದ ದೂತನ ಅಹವಾಲು

ಸೂಜಿದಾರ ಮಂಡಲದ ಅಧೀಶ್ವರಿಯೂ, ಗುಂಡಿ-ಜಿಪ್ಪು ಕುಲಕ್ಕೆ ಕಾಲಯಮಸ್ವರೂಪಿಣಿಯೂ, ನಮ್ಮ ಹವ್ಯಾಸಿ ನಾಟಕ ತಂಡದ ವೇಷಭೂಷಣದ ಮುಖ್ಯಸ್ಥೆಯೂ, ಬೇರೆ ದಾರಿಯಿಲ್ಲದೆ ನನ್ನ ಸೋದರತ್ತೆಯೂ ಆಗಿರುವ ಮಾನ್ಯರೇ,

ತಾವು ಹೊಲಿಸಿಕೊಟ್ಟ ಅಂಗಿಯಲ್ಲಿ ಬಾಗಲು ಬಾರದ ಕಾರಣ ನಿಂತಲ್ಲಿಂದಲೇ ನಮಸ್ಕಾರಗಳು.

ನಾಟಕದ ರಾಜನ ಕಾಲದಲ್ಲಿ ಇಲ್ಲದ್ದು ರಂಗದ ಮೇಲೂ ಇರಕೂಡದೆಂದು ತಾವು ಅಪ್ಪಣೆ ಕೊಡಿಸಿದ ಮೇಲೆ ನಮ್ಮ ತಂಡ ಎಷ್ಟು ಎತ್ತರಕ್ಕೇರಿದೆಯೆಂದರೆ, ಈಗ ಇಳಿಯಲು ಏಣಿ ಹುಡುಕುತ್ತಿದ್ದೇವೆ. ಮೊದಲು ಜಿಪ್ಪು ಹೋಯಿತು, ಹಿಂದೆಯೇ ಗುಂಡಿ, ಕೊನೆಗೆ ಸೊಂಟದ ಎಲಾಸ್ಟಿಕ್ಕೂ ಗಡಿಪಾರಾಯಿತು. ಒಳಉಡುಪಿನ ವಿಷಯದಲ್ಲಿ ಇತಿಹಾಸ ಮೌನವಾಗಿದೆಯೆಂದು ತಾವು ಹೇಳಿದಾಗ ಇಡೀ ಸೇನೆ ಒಟ್ಟಿಗೆ ನಿಟ್ಟುಸಿರು ಬಿಟ್ಟದ್ದು ತಮಗೂ ಕೇಳಿಸಿರಬೇಕು.

ಸೇನಾಧಿಪತಿಗಳ ಕನ್ನಡಕ ಕಿತ್ತಿಟ್ಟುಕೊಂಡಿರಲ್ಲ, ಅದಂತೂ ತಮ್ಮ ಸಾಧನೆಗಳಲ್ಲೇ ಶಿಖರಪ್ರಾಯ. ಹಗಲೆಲ್ಲ ಔಷಧಿ ಅಂಗಡಿಯಲ್ಲಿ ಚೀಟಿ ಓದಿ ಮಾತ್ರೆ ಕೊಡುವ ಆ ಮಹನೀಯರು ನಿನ್ನೆಯ ತಾಲೀಮಿನಲ್ಲಿ ಶತ್ರುವನ್ನು ಬಿಟ್ಟು, ಕೊನೆಯ ದೃಶ್ಯದವರೆಗೂ ಬದುಕಿರಬೇಕಾದ ನಮ್ಮ ಮಂತ್ರಿಯನ್ನೇ ಇರಿದರು. ಮಂತ್ರಿ ಬಿದ್ದಲ್ಲಿಂದಲೇ "ಅಯ್ಯೋ, ನಾನ್ರೀ! ನಿಮ್ ಕಡೆಯವ್ನೇ!" ಎಂದು ಕೂಗಿದರೆ, ಇವರು ಕಣ್ಣು ಕಿರಿದು ಮಾಡಿ, "ಹಾಗಾದ್ರೆ ಸ್ವಲ್ಪ ಬೆಳಕಿಗೆ ಬಂದು ನಿಲ್ಲಬಾರ್ದೇನ್ರೀ?" ಎಂದು ದಬಾಯಿಸಿದರು. ಉಡುಪೇನೋ ಆ ಕಾಲದ್ದೇ. ಕೊಲೆ ಮಾತ್ರ ಯಾವ ಕಾಲದ್ದೆಂದು ತಿಳಿಯಲಿಲ್ಲ.

ಇನ್ನು ನನ್ನ ಸಂಕಟ. ಮೊದಲ ಅಂಕದಲ್ಲಿ ನಾನು ಬಾಯಿಯೇ ಇಲ್ಲದ ದ್ವಾರಪಾಲಕ, ಎರಡನೆಯದರಲ್ಲಿ ಓಡಿಬಂದು "ಕೋಟೆ ಬಿತ್ತು, ಪ್ರಭೂ!" ಎನ್ನುವ ದೂತ. ಇಡೀ ನಾಟಕದಲ್ಲಿ ನನಗಿರುವುದು ಇದೊಂದೇ ಮಾತು. ನಡುವೆ ಬೆನ್ನ ಹಿಂದಿನ ಲಾಡಿಗಳನ್ನೆಲ್ಲ ಬಿಚ್ಚಿ, ಇನ್ನೊಂದು ಅಂಗಿಯ ಲಾಡಿಗಳನ್ನೆಲ್ಲ ಬಿಗಿಯಬೇಕು. ನಿನ್ನೆ ನಾನು ರಂಗಕ್ಕೆ ಬರುವಷ್ಟರಲ್ಲಿ ಕೋಟೆ ಬಿದ್ದು, ಪ್ರಭುಗಳು ಸತ್ತು, ರಾಣಿ ಅತ್ತು ಮುಗಿಸಿ ನೀರು ಕುಡಿಯುತ್ತಿದ್ದರು. ನಿರ್ದೇಶಕರು, "ನಾಳೆಯೂ ತಡ ಮಾಡಿದ್ಯೋ, ಆ ಮಾತನ್ನ ಪರದೆ ಎಳೆಯೋವ್ನಿಗೆ ಕೊಟ್ಬಿಡ್ತೀನಿ" ಎಂದಿದ್ದಾರೆ. ಅವನಿಗೆ ಈಗಾಗಲೇ ಬಾಯಿಪಾಠವಾಗಿದೆ; ಮೆಟ್ಟಿಲ ಮೇಲೆ ಕೂತು ನನಗೆ ಕೇಳಿಸುವಂತೆಯೇ ಒಪ್ಪಿಸುತ್ತಿದ್ದಾನೆ.

ಆದ್ದರಿಂದ ಮಾನ್ಯರಲ್ಲಿ ವಿನಂತಿ: ಬೆನ್ನಿಗೊಂದು ಗುಟ್ಟಿನ ಜಿಪ್ಪು ದಯಪಾಲಿಸಿ. ಅದು ತಮ್ಮ ಘನತೆಗೆ ಕುಂದೆಂದಾದರೆ, ಜಿಪ್ಪು ಕಂಡುಹಿಡಿದ ಪುಣ್ಯಾತ್ಮನನ್ನು ಕೆಲವು ಶತಮಾನ ಮುಂಚೆಯೇ ಹುಟ್ಟಿಸಿ. ಅದೂ ಆಗದಿದ್ದರೆ ಶತ್ರುಸೇನೆಗೆ ತಮ್ಮ ಕೈಯಾರೆ ಒಂದು ಓಲೆ ಬರೆದು, ನಮ್ಮ ಹುಡುಗ ಲಾಡಿ ಕಟ್ಟಿಕೊಳ್ಳುತ್ತಿದ್ದಾನೆ, ಕೋಟೆಯನ್ನು ತುಸು ನಿಧಾನವಾಗಿ ಕೆಡವಿರೆಂದು ಕೋರಿಕೊಳ್ಳಿ.

ಉಸಿರಾಡಲು ಜಾಗ ಸಿಕ್ಕಾಗಲೆಲ್ಲ ತಮ್ಮನ್ನು ಸ್ಮರಿಸುವ,
ತಮ್ಮ ವಿಶ್ವಾಸಿ,
ದ್ವಾರಪಾಲಕ (ಲಾಡಿಗಳು ಬಿಟ್ಟರೆ, ದೂತ)

ತಾ.ಕ.: ನಿನ್ನೆ ರಾಜನ ಕಿರೀಟ ಸರಿಪಡಿಸಲು ತಾವು ಯುದ್ಧದ ನಡುವೆಯೇ ರಂಗಕ್ಕೆ ನುಗ್ಗಿದಿರಷ್ಟೆ, ಆಗ ತಮ್ಮ ಕೈಯಲ್ಲಿ ಮಿನುಗುತ್ತಿದ್ದ ಗಡಿಯಾರ ಯಾವ ರಾಜವಂಶದ ಕಾಲದ್ದೆಂದು ಸೇನೆ ಕೇಳುತ್ತಿದೆ.

ಇನ್ನೊಂದು ಮಾತು, ಅತ್ತೆ, ಇದನ್ನು ನಿರ್ದೇಶಕರಿಗೆ ಓದಿ ಹೇಳಬೇಡಿ. ಲಾಡಿ ಕಟ್ಟಿದ್ದು ಬೇಗನೇ ಮುಗಿದಿತ್ತು. ಆಮೇಲೆ ಬಣ್ಣದ ಕೋಣೆಯ ಕನ್ನಡಿಯಲ್ಲಿ ನೋಡಿಕೊಂಡೆ. ಕೋಟೆ ಬಿತ್ತೆಂದರೆ ರಾಜನೂ ನಂಬಿಯಾನು ಅನ್ನಿಸುವಂಥ ದೂತನೊಬ್ಬ ಅದರಲ್ಲಿ ನಿಂತಿದ್ದ. ಅವನನ್ನು ನೋಡುತ್ತಾ ನಿಂತುಬಿಟ್ಟೆ, ಅಷ್ಟರಲ್ಲಿ ಕೋಟೆ ಬಿತ್ತು. ಜಿಪ್ಪು ಬೇಡ. ಕನ್ನಡಿಯನ್ನು ಅಲ್ಲಿಂದ ತೆಗೆಸಿ, ಸಾಕು.