ಅತ್ತೆಯ ಹಲ್ಲು, ಅಳಿಯನ ಐಸ್‌ಕ್ರೀಂ

ಅತ್ತೆ ಬಂದು ಕೆಲವು ದಿನ ಇರುತ್ತಾರೆಂದು ಕೇಳಿ ಒಳಗೊಳಗೇ ಕುಣಿದಾಡಿದ ಅಳಿಯ ಈ ಭೂಮಂಡಲದಲ್ಲಿ ಯಾರಾದರೂ ಇದ್ದರೆ, ಅದು ನಮ್ಮ ಕನ್ನಡಕದಂಗಡಿಯವರೊಬ್ಬರೇ. ಅತ್ತೆಯ ಮೇಲಿನ ಪ್ರೀತಿ ಉಕ್ಕಿಬಂದು ಕುಣಿದದ್ದಲ್ಲ. (ಪ್ರೀತಿ ಇರಲಿಲ್ಲವೆಂದೂ ಅಲ್ಲ. ದೂರದಿಂದ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಹತ್ತಿರ ಬಂದಾಗ ಮಾತ್ರ ಕೊಂಚ ಮಸುಕು.) ಸಂಗತಿ ಏನೆಂದರೆ, ಅತ್ತೆಯ ಬಾಯಲ್ಲಿ ಅಳಿದುಳಿದಿದ್ದ ಹಲ್ಲುಗಳನ್ನೆಲ್ಲ ಕಿತ್ತ ಡಾಕ್ಟರು, "ಹೊಸ ಹಲ್ಲಿನ ಸೆಟ್ ಬರೋವರೆಗೂ ಮೆತ್ತಗಿರೋದು, ತಣ್ಣಗಿರೋದು ಕೊಡಿ. ಐಸ್‌ಕ್ರೀಂ ಆದ್ರೂ ಆಗುತ್ತೆ" ಎಂದುಬಿಟ್ಟಿದ್ದರು. ಆ ಕೊನೆಯ ಮಾತು ಕನ್ನಡಕದವರ ಕಿವಿಗೆ ಜೇನು ಸುರಿದಂತಾಯಿತು.

ಅವರ ಮನೆಯೊಳಗೆ ಐಸ್‌ಕ್ರೀಂ ಕಾಲಿಟ್ಟು ಯುಗಗಳೇ ಕಳೆದಿದ್ದವು. ಹೆಂಡತಿ ಶಾಲೆಯಲ್ಲಿ ಆಟ ಕಲಿಸುವ ಟೀಚರು. ಮಕ್ಕಳನ್ನು ಮೈದಾನದ ಸುತ್ತ ಓಡಿಸಿ ಮಿಕ್ಕ ಶಕ್ತಿಯನ್ನೆಲ್ಲ ಗಂಡನ ಹೊಟ್ಟೆ ಕರಗಿಸುವ ಮಹಾಕಾರ್ಯಕ್ಕೆ ಧಾರೆಯೆರೆಯುತ್ತಿದ್ದರು. ಟೀಚರಮ್ಮನ ಕೊರಳಲ್ಲಿ ಸದಾ ಒಂದು ಸೀಟಿ. ಮನೆಯಲ್ಲಿ ಅದನ್ನು ಊದುತ್ತಿರಲಿಲ್ಲ. ಗಂಡ ಎರಡನೇ ಸಲ ತುಪ್ಪದ ಡಬ್ಬಿಗೆ ಕೈ ಹಾಕಿದಾಗ ಸುಮ್ಮನೆ ಬೆರಳಲ್ಲಿ ಹಿಡಿದುಕೊಳ್ಳುತ್ತಿದ್ದರು, ಅಷ್ಟೇ. ಅಷ್ಟೇ ಸಾಕಾಗುತ್ತಿತ್ತು.

"ಪಾಪ, ಅತ್ತೆಗೆ ಐಸ್‌ಕ್ರೀಂ ಕೊಡ್ಬೇಕಂತಲ್ಲ! ಈಗ್ಲೇ ಹೋಗಿ ತರ್ತೀನಿ. ದೊಡ್ಡ ಡಬ್ಬಾನೇ ತರ್ಲಾ? ಅವ್ರಿಗೆ ಸಾಕಾಗ್ಬೇಕಲ್ಲ" ಎನ್ನುತ್ತ ಕನ್ನಡಕದವರು ಆಗಲೇ ಒಂದು ಚಪ್ಪಲಿ ಮೆಟ್ಟಿದ್ದರು.

"ಚಪ್ಪಲಿ ಬಿಡಿ. ಆ ಸಕ್ಕರೆ, ಆ ಬಣ್ಣ ನಮ್ಮನೆಗೆ ಬೇಡ. ನಾನೇ ಮಾಡ್ತೀನಿ. ಮೊಸರು, ಬಾಳೆಹಣ್ಣು, ಮಾವಿನಹಣ್ಣು, ಒಂಚೂರು ಜೇನುತುಪ್ಪ. ಹಣ್ಣಿನ ರಸದಲ್ಲಿ ಐಸ್‌ಕ್ಯಾಂಡೀನೂ ಮಾಡ್ತೀನಿ."

"ನೀನಾ?"

"ಯಾಕ್ರೀ, ನಾನು ಮಾಡ್ಬಾರ್ದಾ?"

ಉತ್ತರ ಗೊತ್ತಿದ್ದೂ ಬಾಯಿ ಬಿಡದ ಕಲೆಯನ್ನು ಕನ್ನಡಕದವರು ಮದುವೆಯಾದ ಹೊಸದರಲ್ಲೇ ಕಲಿತಿದ್ದರು. ಚಪ್ಪಲಿ ಬಿಟ್ಟರು.

ಟೀಚರಮ್ಮ ನೀರುಮೊಸರಿಗೆ ಹಣ್ಣು ಹಿಸುಕಿ ಹಾಕಿ ಫ್ರೀಜರಿಗೆ ತಳ್ಳಿದರು. ಮರುದಿನ ಬೆಳಿಗ್ಗೆ ತೆಗೆದರೆ, ಮೊಸರಲ್ಲಿ ಕಲ್ಲು ಹುಡುಕುವವರಿಗೆ ಕೆಲಸವೇ ಇರಲಿಲ್ಲ, ಮೊಸರೇ ಕಲ್ಲಾಗಿತ್ತು. ಚಮಚ ಬಾಗಿತು. ಐಸ್‌ಕ್ಯಾಂಡಿಯನ್ನು ಎಳೆದರೆ ಕಡ್ಡಿ ಮಾತ್ರ ಈಚೆ ಬಂತು, ಕ್ಯಾಂಡಿ ಅಚ್ಚಿನೊಳಗೇ ಹಟ ಹಿಡಿದು ಕೂತಿತು. ಕೊನೆಗೆ ಚಾಕುವಿನ ತುದಿಯಿಂದ ಒಂದು ಚೂರು ಎಬ್ಬಿಸಿ ಅತ್ತೆಯ ಬಾಯಿಗಿಟ್ಟರು. ಅತ್ತೆಯ ಕಣ್ಣಲ್ಲಿ ನೀರು ತುಂಬಿತು.

"ಹೇಗಿದೆಯಮ್ಮಾ?" ಮಗಳು ಆಸೆಯಿಂದ ಕೇಳಿದರು.

"ಇನ್ನೂ ಬಾಯಲ್ಲೇ ಇದೆ ಕಣೇ. ಕರಗಿದ್ಮೇಲೆ ಹೇಳ್ತೀನಿ."

ಅಂದು ಮಧ್ಯಾಹ್ನ ಕನ್ನಡಕದವರು ಊಟಕ್ಕೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಟೀಚರಮ್ಮ ಶಾಲೆಯಲ್ಲಿದ್ದರು.

"ಅಳಿಯಂದ್ರೇ, ಬೀದಿ ಕೊನೇಲಿ ಐಸ್‌ಕ್ರೀಂ ಅಂಗಡಿ ಇದ್ಯಲ್ಲ, ಅದು ತೆಗೆದಿರುತ್ತಾ?"

ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷದ ನೆಂಟಸ್ತನದಲ್ಲಿ ಇಬ್ಬರ ಮನಸ್ಸೂ ಒಂದಾದದ್ದು ಅದೇ ಮೊದಲು. ಕನ್ನಡಕದವರು ಹೋದದ್ದೂ ತಿಳಿಯಲಿಲ್ಲ, ಬಂದದ್ದೂ ತಿಳಿಯಲಿಲ್ಲ. ಕೈಯಲ್ಲಿ ಮಾವಿನ ಐಸ್‌ಕ್ರೀಮಿನ ಡಬ್ಬ. ಇಬ್ಬರೂ ಅಡುಗೆಮನೆಯಲ್ಲಿ ನಿಂತೇ ತಿಂದರು. ಆಮೇಲೆ ಟೀಚರಮ್ಮನ ಕಲ್ಲುಮೊಸರನ್ನು ಬಿಸಿನೀರು ಬಿಟ್ಟು ಕರಗಿಸಿ ಸಿಂಕಿನ ಪಾಲು ಮಾಡಿ, ಅದೇ ಪಾತ್ರೆಗೆ ಉಳಿದ ಐಸ್‌ಕ್ರೀಮನ್ನು ತುಂಬಿ, ಮೇಲೆ ಚಮಚದ ಬೆನ್ನಿನಿಂದ ನಯ ಮಾಡಿಟ್ಟರು. ಹೆಂಡತಿ ಇನ್ನು ಆ ಪಾತ್ರೆಯ ತಂಟೆಗೆ ಬರುವುದಿಲ್ಲವೆಂದು ಕನ್ನಡಕದವರ ಲೆಕ್ಕಾಚಾರ.

ಸಂಜೆ ಟೀಚರಮ್ಮ ಬಂದವರೇ ನೇರ ಫ್ರೀಜರಿಗೆ ಹೋದರು. ಚಮಚ ಹಾಕಿದರು. ಅದು ಬೆಣ್ಣೆಗೆ ಇಳಿದಂತೆ ಇಳಿಯಿತು.

"ರೀ! ಬನ್ರೀ ಇಲ್ಲಿ! ಹದ ಬಂದಿದೆ! ಒಂದಿನ ಬಿಟ್ಟಿದ್ದಕ್ಕೆ ಎಷ್ಟು ಚೆನ್ನಾಗಿ ಹದ ಬಂದಿದೆ ನೋಡಿ!"

ಬೇರೆಯವರ ತುತ್ತು ಎಣಿಸುವ ಟೀಚರಮ್ಮ ತಾವೇ ಬಟ್ಟಲು ತುಂಬ ಹಾಕಿಕೊಂಡು ತಿಂದರು. ಅವರ ಅಡುಗೆಯನ್ನು ಇದುವರೆಗೆ ಯಾರೂ ತೆಗಳಿರಲಿಲ್ಲ (ಧೈರ್ಯ ಬೇಕಲ್ಲ), ಆದರೆ ಹೊಗಳಿದವರೂ ಇರಲಿಲ್ಲ. ಅದು ಟೀಚರಮ್ಮನಿಗೂ ಗೊತ್ತಿತ್ತೆಂದು ಕನ್ನಡಕದವರಿಗೆ ತಿಳಿದದ್ದು ಆ ಸಂಜೆಯೇ. ಹೆಂಡತಿಯ ಮುಖ ಅಷ್ಟು ಅರಳಿತ್ತು. "ತುಂಬಾ ಚೆನ್ನಾಗಿದೆ ಕಣೇ" ಎಂದರು. ಇನ್ನೊಂದು ಮಾತು ಬರುವ ಮುನ್ನ ಬಾಯಿಗೆ ದೊಡ್ಡದೊಂದು ಚಮಚ ಐಸ್‌ಕ್ರೀಂ ತುಂಬಿಕೊಂಡರು.

ಮರುದಿನ ಟೀಚರಮ್ಮ ಶಾಲೆಯಿಂದ ಸುದ್ದಿಯೊಂದನ್ನು ತಂದರು.

"ಭಾನುವಾರ ಹೆಡ್‌ಮೇಡಂ ಬರ್ತಿದ್ದಾರೆ. ಡ್ರಾಯಿಂಗ್ ಟೀಚರೂ ಬರ್ತಾರೆ. ನನ್ನ ಮೊಸರಿನ ಐಸ್‌ಕ್ರೀಂ ರುಚಿ ನೋಡ್ಬೇಕಂತೆ. ಚೆನ್ನಾಗಿದ್ರೆ ಶಾಲೆ ಮಕ್ಕಳಿಗೂ ಅದನ್ನೇ ಕೊಡೋಣ ಅಂತಿದ್ದಾರೆ."

ಕನ್ನಡಕದವರಿಗೆ ಅಂಗಡಿಯಲ್ಲಿ ಕೆಲಸ ಸಾಗಲಿಲ್ಲ. ಗೋಡೆಯ ಮೇಲಿನ ಅಕ್ಷರಪಟದಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರವೂ ತಮ್ಮನ್ನೇ 'ಕಳ್ಳ' ಎಂದಂತಾಗುತ್ತಿತ್ತು. ಹೆಂಡತಿ ಮತ್ತೆ ಕಲ್ಲು ಮಾಡಿ ಹೆಡ್‌ಮೇಡಂ ಮುಂದಿಟ್ಟರೆ ಮಾನ ಹೋಗುವುದು ಹೆಂಡತಿಯದು. ಮತ್ತೆ ಅಂಗಡಿಯದನ್ನು ತುಂಬಿಟ್ಟರೆ ಶಾಲೆಯ ಮಕ್ಕಳ ತನಕ ಮೋಸ ಹಬ್ಬುತ್ತದೆ. ಉಳಿದದ್ದು ಒಂದೇ ದಾರಿ. ಶನಿವಾರ ಅಂಗಡಿಗೆ ಬೀಗ ಹಾಕಿ ಬಂದು, "ಈ ಸಲ ನಾನು ಮಾಡ್ತೀನಿ. ನೀನು ಮನೆ ಒಪ್ಪ ಮಾಡ್ಕೋ" ಎಂದರು. ಟೀಚರಮ್ಮ ಗಂಡನ ಹಣೆ ಮುಟ್ಟಿ ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು ಒಪ್ಪಿದರು.

ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ನೇತುಹಾಕಿದರು. ನೀರೆಲ್ಲ ಸೋರಿತು. ಕಳಿತ ಬಾಳೆಹಣ್ಣನ್ನು ಮೊದಲೇ ಹೆಚ್ಚಿ ಫ್ರೀಜರಿನಲ್ಲಿಟ್ಟು ಆಮೇಲೆ ರುಬ್ಬಿದರು. ಮಾವಿನ ತಿರುಳು, ಜೇನುತುಪ್ಪ ಸೇರಿಸಿದರು. ಆಗಾಗ ಈಚೆ ತೆಗೆದು, ಅಂಚಿಗೆ ಕಟ್ಟಿದ ಹರಳನ್ನೆಲ್ಲ ಒಡೆದು, ಕಡೆದು, ಮತ್ತೆ ಒಳಗಿಟ್ಟರು. ಕಣ್ಣಿಗೆ ಕಾಣದಂಥ ಕನ್ನಡಕದ ತಿರುಪನ್ನು ಕೂರಿಸುವ ತಾಳ್ಮೆ ಇಲ್ಲಿ ಕೆಲಸಕ್ಕೆ ಬಂತು. ಸಂಜೆಗೆ ಒಂದು ಚಮಚ ಬಾಯಿಗಿಟ್ಟುಕೊಂಡವರು ಹಾಗೇ ನಿಂತುಬಿಟ್ಟರು. ಇದು ತನ್ನ ಕೈಯಿಂದಲೇ ಆದದ್ದೇ? ಅತ್ತೆಗೆ ಮಾತ್ರ ಏನೂ ಹೇಳಲಿಲ್ಲ. ನಾಳೆ ಎಲ್ಲರ ಜೊತೆ ತಿಂದು ಬೆರಗಾಗಲಿ ಎಂದುಕೊಂಡರು.

ಭಾನುವಾರ ಹೆಡ್‌ಮೇಡಂ, ಡ್ರಾಯಿಂಗ್ ಟೀಚರ್ ಬಂದು ಸೋಫಾದಲ್ಲಿ ಕೂತರು. ಕನ್ನಡಕದವರು ತಾವೇ ಬಡಿಸಿದರು. ನಿನ್ನೆಗಿಂತ ಇವತ್ತು ಐಸ್‌ಕ್ರೀಂ ಕೊಂಚ ಹೆಚ್ಚೇ ಹೊಳೆಯುತ್ತಿದೆ ಅನ್ನಿಸಿತು. ಒಳ್ಳೆಯ ಕೆಲಸಕ್ಕೆ ಹೊಳಪು ತಾನಾಗಿ ಬರುತ್ತದೆ ಎಂದು ಬೀಗಿದರು.

"ಆಹಾ!" ಎಂದರು ಹೆಡ್‌ಮೇಡಂ. "ಸಕ್ಕರೇನೇ ಹಾಕಿಲ್ವಾ?"

"ಒಂದು ಕಾಳೂ ಇಲ್ಲ" ಎಂದರು ಟೀಚರಮ್ಮ.

"ಗೋಡಂಬಿ ಎಷ್ಟು ಚೆನ್ನಾಗಿದೆ!" ಎಂದರು ಡ್ರಾಯಿಂಗ್ ಟೀಚರ್. "ಸಕ್ಕರೆ ಪಾಕದಲ್ಲಿ ಅದ್ದಿದ್ದೀರಾ?"

ಅತ್ತೆಯ ಹಲ್ಲು ಹೋದಂದಿನಿಂದ ಆ ಮನೆಗೆ ಗೋಡಂಬಿ ಬಂದಿರಲಿಲ್ಲ. ಟೀಚರಮ್ಮ ತಮ್ಮ ಬಟ್ಟಲನ್ನು ಕೆದಕಿ ನೋಡಿದರು. ಎದ್ದು ಅಡುಗೆಮನೆಗೆ ಹೋದರು. ಕಸದ ಬುಟ್ಟಿಯ ಮುಚ್ಚಳ ಎತ್ತಿದ ಸದ್ದು ಕೇಳಿಸಿತು. "ರೀ, ಸ್ವಲ್ಪ ಬನ್ನಿ ಇಲ್ಲಿ." ದನಿ ಬಹಳ ಮೃದುವಾಗಿತ್ತು. ಕನ್ನಡಕದವರು ಎದ್ದು ಒಳಗೆ ಹೋದರು.

ಟೀಚರಮ್ಮನ ಕೈಯಲ್ಲಿ ಐಸ್‌ಕ್ರೀಂ ಅಂಗಡಿಯ ಖಾಲಿ ಡಬ್ಬ.

"ನಾನಲ್ಲ ಕಣೇ! ಆಣೆಗೂ ಇವತ್ತು ನಾನಲ್ಲ!"

"ಇವತ್ತು?" ಎಂದರು ಟೀಚರಮ್ಮ.

ಬಾಯಿಂದ ಜಾರಿದ್ದನ್ನು ಕನ್ನಡಕದವರು ಹಿಂದಕ್ಕೆಳೆಯಲು ನೋಡಿದರು, ಆಗಲಿಲ್ಲ. ತಲೆ ತಗ್ಗಿಸಿ ಮೊದಲನೆಯ ದಿನದ್ದನ್ನೆಲ್ಲ ಒಪ್ಪಿಕೊಂಡರು.

"ಹಾಗಾದ್ರೆ ಅವತ್ತು ಚೆನ್ನಾಗಿದೆ ಅಂತ ಹೊಗಳಿದ್ದು?"

ಟೀಚರಮ್ಮ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ಡಬ್ಬವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. ಅಷ್ಟರಲ್ಲಿ ಅತ್ತೆ ಒಳಗೆ ಬಂದರು.

"ಅವ್ರನ್ನ ಯಾಕೆ ಹಿಡ್ಕೊಂಡಿದ್ದೀಯ? ಇವತ್ತಿಂದು ನನ್ನ ಕೆಲಸ. ನಿನ್ನೆ ಇಡೀ ದಿನ ಅಳಿಯಂದ್ರು ಒಬ್ರೇ ಒದ್ದಾಡ್ತಿದ್ರು, ಮತ್ತೆ ಕಲ್ಲಾದ್ರೆ ನಿನ್ನ ಮರ್ಯಾದೆ ಗತಿ ಏನು ಅಂತ ಬೆಳಿಗ್ಗೆ ನಾನೇ ಹೋಗಿ ತಂದು ಪಾತ್ರೆಗೆ ತುಂಬಿಟ್ಟೆ. ಗೋಡಂಬಿ ಇರೋದು ನೋಡ್ಲಿಲ್ಲ. ಕನ್ನಡಕ ಹಾಕ್ಕೊಂಡಿರ್ಲಿಲ್ಲ."

"ನನ್ನದೇನು ಮಾಡಿದ್ರಿ ಅತ್ತೆ?" ಕನ್ನಡಕದವರು ಅಳುವವರಂತೆ ಕೇಳಿದರು.

"ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಫ್ರೀಜರಲ್ಲಿ ಬಟಾಣಿ ಪೊಟ್ಟಣದ ಹಿಂದೆ ಇಟ್ಟಿದ್ದೀನಿ."

ಟೀಚರಮ್ಮ ಅದನ್ನು ತೆಗೆದು ಚಮಚದ ತುದಿಯಲ್ಲಿ ಕೊಂಚ ಬಾಯಿಗಿಟ್ಟುಕೊಂಡರು. ಇನ್ನೊಂದು ಚಮಚ ತೆಗೆದುಕೊಂಡರು. ಅತ್ತೆಯೂ ಕೈ ಚಾಚಿದರು.

"ಏನೇನು ಹಾಕಿದ್ರಿ ಇದಕ್ಕೆ?"

"ನೀನು ಹೇಳಿದ್ದೇ. ಮೊಸರು, ಹಣ್ಣು, ಒಂಚೂರು ಜೇನುತುಪ್ಪ."

ಟೀಚರಮ್ಮ ಪಾತ್ರೆ ಎತ್ತಿಕೊಂಡು ನೇರ ಹಜಾರಕ್ಕೆ ನಡೆದರು. "ಮೇಡಂ, ಆಗ ತಿಂದದ್ದು ಅಂಗಡೀದು. ಇದು ನಮ್ಮನೆಯವರು ಮಾಡಿದ್ದು. ನನಗೆ ಇದು ಮಾಡೋಕೆ ಬರಲ್ಲ" ಎಂದರು. ಮೈದಾನದಲ್ಲಿ ಗೆದ್ದವರ ಹೆಸರು ಕೂಗುವಾಗಿನ ಗಟ್ಟಿ ದನಿಯಲ್ಲೇ ಹೇಳಿದರು. ಬಾಗಿಲ ಮರೆಯಲ್ಲಿದ್ದ ಕನ್ನಡಕದವರ ಎದೆ ತುಂಬಿಬಂತು.

ಹೆಡ್‌ಮೇಡಂ ಎರಡು ಬಟ್ಟಲು ಮುಗಿಸಿ ಬಾಯೊರೆಸಿಕೊಂಡರು. "ಶನಿವಾರ ಶನಿವಾರ ಮಕ್ಕಳಿಗೆಲ್ಲ ಇವರೇ ಬಂದು ಮಾಡ್ಕೊಡ್ತಾರಾ?"

"ಓಹೋ, ಮಾಡ್ತಾರೆ" ಎಂದರು ಟೀಚರಮ್ಮ, ಸೀಟಿಯನ್ನು ಬೆರಳಲ್ಲಿ ಹಿಡಿದುಕೊಂಡು.

ಹೀಗೆ ಕನ್ನಡಕದವರು ಶನಿವಾರಗಳನ್ನು ಕಳೆದುಕೊಂಡರು. ಶಾಲೆಯ ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿ ಬಕೆಟ್‌ಗಟ್ಟಲೆ ಮೊಸರು ಕಡೆಯುತ್ತಾರೆ, ಐಸ್‌ಕ್ಯಾಂಡಿಗೆ ಕಡ್ಡಿ ಚುಚ್ಚುತ್ತಾರೆ, ಸಾಲಾಗಿ ನಿಂತ ಮಕ್ಕಳ ಕೈಗೆ ಹಂಚುತ್ತಾರೆ. ಒಂದು ಶನಿವಾರ, ಶಾಲೆಗೆ ಹೊಸದಾಗಿ ಸೇರಿದ ಪುಟ್ಟ ಹುಡುಗಿಯೊಬ್ಬಳು ಕ್ಯಾಂಡಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು:

"ಅಂಕಲ್, ಇದು ಐಸ್‌ಕ್ರೀಮಾ?"

ಕನ್ನಡಕದವರು ಗೇಟಿನಾಚೆಯ ಬೀದಿಯನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

"ಅಲ್ಲ ಪುಟ್ಟಾ. ಇದು ಆರೋಗ್ಯಕ್ಕೆ ಒಳ್ಳೇದು."

ಹುಡುಗಿ ಅವರ ಮುಖವನ್ನೇ ಕನಿಕರದಿಂದ ನೋಡಿ, ಕೈ ಮೇಲೆ ಮೆಲ್ಲಗೆ ತಟ್ಟಿದಳು.

"ಪರವಾಗಿಲ್ಲ ಬಿಡಿ ಅಂಕಲ್."