ನಕ್ಷೆ ಬರೆದವನೇ ಕೆಳಗೆ ನಿಲ್ಲಬೇಕು

ನನ್ನಂಥ ಪುಕ್ಕಲನಿಗೆ ಎದೆ ಧಸಕ್ ಅನ್ನಿಸೋ ಸಂಗತಿಗಳೇ ಯಾಕೆ ಹುಡುಕಿಕೊಂಡು ಬರುತ್ತವೋ ಆ ಶಿವನೇ ಬಲ್ಲ. ಒಂದು ಮುಗಿಯಿತು ಅಂತ ಉಸಿರು ಬಿಡೋಷ್ಟರಲ್ಲಿ ಇನ್ನೊಂದು ಹಾಜರ್.

ಆಫೀಸಿನ ಕಾನೂನು

ಎಪ್ಪತ್ತರ ದಶಕದ ಕೊನೆಯಲ್ಲಿ ಮಧುಗಿರಿಯ ಒಂದು ಸಣ್ಣ ಇಂಜಿನಿಯರಿಂಗ್ ಆಫೀಸು ಸೇರಿದೆ. ನಾಲ್ಕು ಜನ, ಮೂರು ಮೇಜು. ಶಾಲೆ, ಬಾವಿಕಟ್ಟೆ, ಹೆರಿಗೆ ಕೋಣೆ ಹೀಗೆ ಹಳ್ಳಿಗೆ ಬೇಕಾದ್ದನ್ನು ಹಳ್ಳಿಯವರನ್ನೇ ಕೇಳಿ ನಕ್ಷೆ ಬರೆಯೋದು ನಮ್ಮ ಕೆಲಸ. ಕಿಟಕಿ ತೆರೆದರೆ ಎದುರಿಗೇ ಬೆಟ್ಟ. ಆ ಬಂಡೆ ಉರುಳಿದರೆ ಮೊದಲು ನನ್ನ ಮೇಜೇ ಅಪ್ಪಚ್ಚಿ ಅಂತ ಲೆಕ್ಕ ಹಾಕಿ, ಸೇರಿದ ವಾರವೇ ಮೇಜನ್ನು ಮೂಲೆಗೆ ಎಳೆದುಕೊಂಡಿದ್ದೆ.

ಕಬ್ಬಿಣ ಹಾಕದೆ, ಬರೀ ಇಟ್ಟಿಗೆಯಲ್ಲಿ ಕಮಾನು ಕಟ್ಟಿ ಚಾವಣಿ ಮಾಡೋದು ನಮ್ಮ ಯಜಮಾನರಿಗೆ ಇಷ್ಟ. ಹಳ್ಳಿಯವರಿಗೆ ಅದನ್ನು ಕಂಡರೆ ಭಯ. ಅದಕ್ಕೇ ಯಜಮಾನರದ್ದು ಒಂದು ಕಾನೂನು. ಇಟ್ಟಿಗೆ ಹೊತ್ತಿರೋ ಸೆಂಟ್ರಿಂಗ್ ಮರಗಳನ್ನೆಲ್ಲ ಬಿಚ್ಚಿ ಕೊನೇ ಕಂಬ ಎಳೆಯೋವಾಗ, ನಕ್ಷೆ ಬರೆದವನೇ ಚಾವಣಿ ಕೆಳಗೆ ನಿಲ್ಲಬೇಕು.

"ನಾವೇ ನಿಲ್ಲದಿದ್ರೆ ಅವರು ಮಕ್ಕಳನ್ನ ಹೇಗಯ್ಯಾ ಕೂರಿಸ್ತಾರೆ?" ಅಂತಿದ್ದರು.

ಮಾತೇನೋ ನ್ಯಾಯ. ಆದರೆ ಪಾವಗಡದ ಕಡೆ, ಕುರಿ ಸಾಕೋರ ಒಂದೂರಿಗೆ ಶಾಲೆಯ ಚಾವಣಿ ಬರೆದವನು ನಾನು. ನನ್ನ ಮೊದಲನೇ ಚಾವಣಿ. ಇಟ್ಟಿಗೆ ಕೆಲಸ ಮುಗಿದು, ಸೆಂಟ್ರಿಂಗ್ ಬಿಚ್ಚೋಕೆ ಮೂರು ವಾರ ಬಾಕಿ ಇತ್ತು. ಊಟ ರುಚಿಸುತ್ತಿರಲಿಲ್ಲ. ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ನರನ್ನು ಕೇಳಿದೆ.

"ನೀವು ನಿಂತಿದ್ದೀರಾ ಸಾರ್?"

"ಮೂರು ಸಲ ನಿಂತಿದ್ದೀನಿ ಕಣಯ್ಯಾ. ಒಂದು ಕೂದಲೂ ಕೊಂಕಿಲ್ಲ."

"ಅಬ್ಬಾ! ಹಾಗಾದ್ರೆ ಹೆದರೋ ಹಾಗಿಲ್ಲ ಅನ್ನಿ."

ಅವರು ಪೆನ್ಸಿಲ್ ಹೆರೆಯೋದು ನಿಲ್ಲಿಸಿ ನನ್ನನ್ನೇ ನೋಡಿದರು. "ಅವು ನಾನು ಬರೆದ ಚಾವಣಿ. ಇದು ನೀನು ಬರೆದಿರೋದು."

ಸುಣ್ಣದ ಕೋಣೆ

ಮೊದಲನೇ ವಾರ ಯಜಮಾನರು ಕೊರಟಗೆರೆ ಕಡೆಯ ಒಂದು ಹಳ್ಳಿಗೆ ಕಳಿಸಿದರು. ಅಲ್ಲೊಂದು ಹೆರಿಗೆ ಕೋಣೆ ಆಗಬೇಕಿತ್ತು. ಕಾಗದದ ನಕ್ಷೆ ಜನಕ್ಕೆ ಅರ್ಥವಾಗಲ್ಲ ಅಂತ, ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಕೋಣೆಯಷ್ಟೇ ದೊಡ್ಡ ನಕ್ಷೆ ಎಳೆಯುತ್ತಿದ್ದೆವು. ಹೆಂಗಸರು ಅದರೊಳಗೆ ಓಡಾಡಿ ಸರಿತಪ್ಪು ಹೇಳೋರು. ಆ ಊರಿನ ಸೂಲಗಿತ್ತಿ ಅಜ್ಜಿ, ಬಾಗಿಲು ಬೀದಿ ಕಡೆ ಬೇಡ, ಹಿತ್ತಲ ಕಡೆ ಇಡಿ ಅಂತ ಬೆಳಗಿಂದ ಜಗಳ ತೆಗೆದಿದ್ದಳು. ನಾನು ಒಪ್ಪಿರಲಿಲ್ಲ.

ಅಷ್ಟರಲ್ಲಿ ಬೀದಿಯಿಂದ ಒಂದು ಕರೀ ನಾಯಿ ಬೊಗಳುತ್ತಾ ನನ್ನ ಮೇಲೇ ನುಗ್ಗಿತು. ಪ್ರಾಣಭಯ ನೋಡಿ, ಎದ್ದೆನೋ ಬಿದ್ದೆನೋ ಅಂತ ಓಡಿ ಸುಣ್ಣದ ಕೋಣೆಯೊಳಗೆ ಹೊಕ್ಕು ಮೂಲೆಯಲ್ಲಿ ನಿಂತುಬಿಟ್ಟೆ! ಬೆರಳೆತ್ತರದ ಗೋಡೆಯೂ ಇಲ್ಲ. ನಾಯಿ ನೆಟ್ಟಗೆ ನಾನು ಬರೆದಿದ್ದ ಬಾಗಿಲಿನಿಂದಲೇ ಒಳಗೆ ಬಂದು, ಪ್ಯಾಂಟಿನ ಕಾಲು ಹರಿದು, ಅದೇ ಬಾಗಿಲಿಂದ ಹೊರಗೆ ಹೋಯಿತು.

ಅಜ್ಜಿ ಸೊಂಟದ ಮೇಲೆ ಕೈ ಇಟ್ಟಳು. "ಅದುಕ್ಕೇ ಕಣಪ್ಪಾ ಬೀದಿ ಕಡೀಕೆ ಬಾಗ್ಲು ಬ್ಯಾಡ ಅಂದಿದ್ದು. ನೀನೂ ಇದ್ದೀಯಲ್ಲ, ಒಳೀಕ್ ಬಂದೋನು ಬಾಗ್ಲು ಹಾಕ್ಕಬಾರ್ದಾ?"

ಹಗ್ಗ

ಎರಡನೇ ವಾರ ತಡೆಯಲಾಗಲಿಲ್ಲ. ಶಿರಾ ಬಸ್ಸು ಹತ್ತಿ, ಆ ಚಾವಣಿ ಕಟ್ಟಿದ ಮೇಸ್ತ್ರಿ ಮನೆಗೇ ಹೋದೆ.

"ಮೇಸ್ತ್ರಿ, ನಿಜ ಹೇಳಿ. ನಿಲ್ಲುತ್ತಾ?"

"ಅರೆ ಸಾಬ್, ಫಿಕರ್ ಮಾಡಬ್ಯಾಡಿ. ಏಕ್‌ದಂ ಪಕ್ಕಾ ಐತೆ. ನಿಮ್ಗೆ ಅಂತ ಊರೋರು ಒಂದು ಟಗರು ಬ್ಯಾರೆ ಸಾಕವ್ರೆ. ಅವತ್ತು ಭರ್ಜರಿ ದಾವತ್ತು."

ಆ ಟಗರೂ ನಾನೂ ಒಂದೇ ದಿನಕ್ಕೆ ಕಾಯ್ತಾ ಇದ್ದೀವಿ ಅನ್ನಿಸಿತು. "ಅಷ್ಟು ಪಕ್ಕಾ ಇದ್ರೆ ನೀವೂ ನನ್ನ ಜೊತೆ ನಿಲ್ತೀರಾ?"

"ನಾನು ಹೆಂಗೆ ನಿಲ್ಲಲಿ ಸಾಬ್? ಕೊನೇ ಕಂಬಕ್ಕೆ ಹಗ್ಗ ಕಟ್ಟಿ ಹೊರಗಿಂದ ಎಳೀಬೇಕಲ್ಲ."

"ಎಷ್ಟು ಉದ್ದ ಹಗ್ಗ?"

ಒಳಗಿಂದ ಹೊಸ ಹಗ್ಗದ ಕಂತೆ ಹೊತ್ತು ತಂದರು. ಎರಡು ಬಾವಿಗೆ ಸಾಕಾಗುತ್ತಿತ್ತು. "ಜಾಸ್ತಿ ಏನಿಲ್ಲ ಸಾಬ್. ಶಾಲೆ ಬಾಗ್ಲಿಂದ ಆ ಕಡೆ ಹುಣಸೇ ಮರದ ಗಂಟ."

ಚಾವಣಿ ಕೆಳಗೆ

ಆ ದಿನ ಬಂತು. ಒಗೆದ ಷರ್ಟು ಹಾಕಿಕೊಳ್ಳುತ್ತಿದ್ದೆ. ನನ್ನ ಹೆಂಡತಿ, "ಅದ್ಯಾಕೆ ಅದು? ಹಳೇದು ಹಾಕ್ಕೊಂಡು ಹೋಗಿ" ಅಂದಳು. ಧೂಳಾಗುತ್ತೆ ಅಂತ ಹೇಳಿದಳೋ ಏನೋ, ನನಗೆ ಮಾತ್ರ ಒಳ್ಳೇ ಷರ್ಟಾದರೂ ಉಳೀಲಿ ಅಂದ ಹಾಗೆ ಕೇಳಿಸಿತು. ಮಿಡಿಗೇಶಿ ದಾಟಿದ ಮೇಲೆ ಬಸ್ಸು ಕೆಟ್ಟರೆ ಸಾಕಪ್ಪಾ ಅಂತ ಹರಕೆ ಹೊತ್ತೆ. ದಿನಾ ಕೆಡೋ ಬಸ್ಸು ಅವತ್ತು ಹತ್ತು ನಿಮಿಷ ಮುಂಚೆಯೇ ತಲುಪಿಸಿತು.

ಶಾಲೆ ಮುಂದೆ ಊರೇ ಸೇರಿತ್ತು. ಬಾಗಿಲೊಳಗಿಂದ ಹಗ್ಗ ಹೊರಗೆ ಬಂದಿತ್ತು, ಮೇಸ್ತ್ರಿ ಅದರ ತುದಿ ಹಿಡಿದು ನಿಂತಿದ್ದರು. ಸರಿ, ಕೊನೇ ಕಂಬ ಒಂದು ಬಾಕಿ ಅಂದುಕೊಂಡೆ. ಊರಿನ ಹಿರಿಯ, ಕಂಬಳಿ ಹೊದ್ದ ಮುದುಕಪ್ಪ, "ಸಾಮೀ, ಒಂದ್ ಮಾಟ ವಿನಂಡಿ, ಒಂದ್ ಮಾತು ಕೇಳಿ" ಅಂತ ಅಡ್ಡ ಬಂದ.

"ಏನೂ ಹೇಳಬೇಡಿ! ಈಗ ಮಾತಾಡಿದ್ರೆ ಇರೋ ಧೈರ್ಯವೂ ಹೋಗುತ್ತೆ" ಅಂದವನೇ, ಬಾಗಿಲಲ್ಲೇ ಕಣ್ಣು ಮುಚ್ಚಿ, ಗೋಡೆ ತಡವುತ್ತಾ ಒಳಗೆ ಹೋಗಿ ನಿಂತೆ. ಕಿವಿಯನ್ನೂ ಮುಚ್ಚಿಕೊಂಡೆ. "ಎಳೀರಿ ಮೇಸ್ತ್ರೀ!"

ಹೊರಗೆ ಏನೋ ಗದ್ದಲ. "ಎಳೀರಿ ಅಂದ್ರೆ ಎಳೀರಿ!" ಅಂತ ಮತ್ತೆ ಅರಚಿದೆ.

ಧಡ್ ಅಂತ ಸೊಂಟಕ್ಕೆ ಬಿತ್ತು ಏಟು. "ಬಿತ್ತೂ! ಬಿದ್ದೋಯ್ತು!" ಅಂತ ಬಾಯಿ ಬಡಿದುಕೊಂಡು ಮಕಾಡೆ ಬಿದ್ದೆ. ಸತ್ತಿಲ್ಲ ಅಂತ ಗೊತ್ತಾಗಿ ಕಣ್ಣು ಬಿಟ್ಟರೆ, ಎದುರಿಗೆ ಕೊಬ್ಬಿದ ಒಂದು ಟಗರು. ಮೇಸ್ತ್ರಿ ಎಳೆದ ಹಗ್ಗ ಅದರ ಕುತ್ತಿಗೆಗೆ ಕಟ್ಟಿತ್ತು. ಮೇಲೆ ನೋಡಿದೆ. ಕಂಬವಿಲ್ಲ, ಹಲಗೆಯಿಲ್ಲ, ನನ್ನ ಕಮಾನು ತಾನಾಗೇ ನಿಂತಿತ್ತು. ಸುಳ್ಳು ಯಾಕೆ ಹೇಳಲಿ, ಅತ್ತುಬಿಟ್ಟೆ.

ಮುದುಕಪ್ಪ ಬಂದು ಎಬ್ಬಿಸಿದ. "ಮೊನ್ನೇನೇ ಬಿಚ್ಬುಟ್ವಿ ಸಾಮಿ. ಹೋದ್ ಸಲ ಬಂದಾಗ ನಿಮ್ ಮಕ ನೋಡಿ ನಮ್ಗೇ ಭಯ ಆಗೋಯ್ತು. ಅದುಕ್ಕೆ ನಿಮ್ ಬದ್ಲು ಈ ಟಗರು ನಿಲ್ಸಿದ್ವಿ. ಹೆಂಗೂ ಇವತ್ತು ನಿಮ್ ಊಟಕ್ಕೆ ಕಡಿಯಾದೇ ಅಲ್ವಾ ಅಂತ. ಅದು ನೋಡಿದ್ರೆ ಎಲ್ಡ್ ದಿನದಿಂದ ಮೆಲುಕು ಹಾಕ್ಕಂಡ್ ನಿಂತೈತೆ!"

ಅವನು ಕೈ ಬೀಸಿದ್ದೇ ತಡ, ಹೊರಗಿದ್ದ ಮಕ್ಕಳೆಲ್ಲ ಹೋ ಅಂತ ಒಳಗೆ ನುಗ್ಗಿ ಕೂತವು. ಮಧ್ಯಾಹ್ನ ಎಲೆ ಹಾಕಿದರು. ಮುದ್ದೆ, ಸೊಪ್ಪಿನ ಸಾರು. ದಾವತ್ತು ಎಲ್ಲಿ ಅಂತ ನಾನು ಮೇಸ್ತ್ರಿ ಮುಖ ನೋಡಿದೆ.

ಮುದುಕಪ್ಪ ಕೈ ಮುಗಿದ. "ತಪ್ಪು ತಿಳೀಬ್ಯಾಡಿ ಸಾಮಿ. ನಿಮ್ ಜಾಗದಾಗೆ ನಿಂತಿದ್ದು ಅದು. ಹೆಂಗ್ ಕಡಿಯಾದು? ಐಕ್ಳು ಆಗ್ಲೇ ಅದುಕ್ಕೆ ಇಂಜಿನಿಯರಪ್ಪ ಅಂತ ಹೆಸರಿಕ್ಕವೆ."

ಒಂದೆರಡು ವರ್ಷ ಕಳೆದು ಅದೇ ಊರಿಗೆ ಬಾಲವಾಡಿ ಬಂತು. ಚಾವಣಿ ನಾನೇ ಬರೆದೆ. ಸೆಂಟ್ರಿಂಗ್ ಬಿಚ್ಚೋ ದಿನ ತಿಳಿಸಿ, ಬಂದು ನಿಲ್ಲುತ್ತೇನೆ ಅಂತ ಕಾಗದ ಹಾಕಿದೆ. ಮುದುಕಪ್ಪ ಮೇಷ್ಟರ ಕೈಲಿ ಬರೆಸಿ ಉತ್ತರ ಕಳಿಸಿದ:

"ತಾವು ಬಸ್ಸಲ್ಲಿ ಬರೋ ತ್ರಾಸ ತಗಾಬ್ಯಾಡಿ. ಕೆಳಗೆ ನಿಲ್ಲೋಕೆ ಇಂಜಿನಿಯರಪ್ಪೋರು ಇಲ್ಲೇ ಅವ್ರೆ. ಸದ್ಯ ಹೊಲದಾಗೆ ಮೇಯ್ತಾ ಅವ್ರೆ."